ಕ್ರೂಸ್ ಕಂಟ್ರೋಲ್ ಇಳಿಜಾರಿನಲ್ಲಿ ವೇಗವನ್ನು ಏಕೆ ಹಿಡಿಯುವುದಿಲ್ಲ, ತನ್ನಷ್ಟಕ್ಕೇ ಏಕೆ ಬಿಟ್ಟುಹೋಗುತ್ತದೆ?

ಕುಂಬಳೆಯ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯಿಂದ ಮಂಗಳೂರಿಗೆ ವಾರಕ್ಕೆ ಐದು ದಿನ ಕಾರಿನಲ್ಲಿ ಹೋಗಿಬರುವವನು. ಕಾರು ಡೀಸೆಲ್, ಕೈಯಿಂದಲೇ ಗೇರು ಹಾಕುವಂಥದ್ದು, ಆರು ವರ್ಷ ಹಳೆಯದು. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ರಸ್ತೆ ತೆರೆದುಕೊಂಡ ಮೇಲೆಯೇ ಸ್ಟೀರಿಂಗಿನ ಮೇಲಿರುವ ಕ್ರೂಸ್ ಕಂಟ್ರೋಲ್ (ಪೆಡಲ್ ಒತ್ತದೆಯೇ ಹೊಂದಿಸಿದ ವೇಗವನ್ನು ಕಾಯುವ ವ್ಯವಸ್ಥೆ) ಗುಂಡಿಗಳನ್ನು ನಾನು ನಿಜವಾಗಿ ಬಳಸತೊಡಗಿದ್ದು; ಹಳೆಯ ರಸ್ತೆಯ ಹೊಂಡಗಳ ನಡುವೆ ಅವನ್ನು ಒತ್ತುವ ಸಂದರ್ಭವೇ ಬರುತ್ತಿರಲಿಲ್ಲ.

ನನಗೆ ಎರಡು ತೊಂದರೆಗಳಿವೆ. ಮೊದಲನೆಯದು, 80ಕ್ಕೆ ಹೊಂದಿಸಿಟ್ಟರೆ ಇಳಿಜಾರಿನಲ್ಲಿ ವೇಗ 87, 88ಕ್ಕೆ ಏರುತ್ತದೆ, ಏರು ಮುಗಿಸಿ ನೆತ್ತಿ ದಾಟುವಾಗಲೂ ಒಂದು ಕ್ಷಣ ಮುನ್ನುಗ್ಗಿದಂತಾಗುತ್ತದೆ. ಎರಡನೆಯದು, ಒಂದು ತಿಂಗಳಿನಿಂದ ಅದು ತನ್ನಷ್ಟಕ್ಕೇ ಬಿಟ್ಟುಹೋಗುತ್ತಿದೆ. ಶಿರಿಯ ಸೇತುವೆಯ ಜೋಡಣೆಯ ಮೇಲೆ ಚಕ್ರ ಹಾಯ್ದು ‘ಟಕ್’ ಎಂದ ಕೂಡಲೇ ಮೀಟರಿನಲ್ಲಿರುವ ಹಸಿರು ಚಿಹ್ನೆ ಆರಿ, ಕಾರು ನಿಧಾನವಾಗುತ್ತದೆ. ಒಂದು ವರ್ಕ್‌ಶಾಪಿನವರು ಎರಡೂ ಒಂದೇ ದೋಷವೆಂದು ಹೇಳಿ, ಎಂಜಿನಿನ ಕಂಪ್ಯೂಟರನ್ನೇ ಬದಲಿಸಬೇಕು, 38,000 ರೂಪಾಯಿ ಆಗುತ್ತದೆ ಎಂದರು. ಅಷ್ಟು ಹಣ ಕೊಡುವ ಮೊದಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕೆನಿಸಿತು. ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿದೆ, ಅದರಲ್ಲಿಯೂ ಗುಂಡಿ ಒತ್ತುವ ಕ್ರಮವಷ್ಟೇ ಇದೆ. ತಿಳಿದವರು ದಯವಿಟ್ಟು ಕನ್ನಡದಲ್ಲಿ ವಿವರಿಸಬೇಕು.

ಚೆರ್ಕಳದ ಟ್ಯಾಕ್ಸಿ ಚಾಲಕ

ಕಂಪ್ಯೂಟರ್ ಬದಲಿಸಬೇಡಿ ಅಣ್ಣ. ಇನ್ನೊಬ್ಬರಿಗೆ ತೋರಿಸಿ.

ಬದಿಯಡ್ಕದ ಆಟೋ ಇಲೆಕ್ಟ್ರಿಷಿಯನ್

ಮೊದಲ ತೊಂದರೆ ದೋಷವೇ ಅಲ್ಲ. ಎರಡನೆಯದು ದೋಷ ಹೌದು, ಆದರೆ ಬಹುತೇಕ ಅದು ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಸಣ್ಣ ಸ್ವಿಚ್ಚಿನದ್ದು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ಸರಿಯಲ್ಲ. ಈಗ ಅಂಗಡಿಯಲ್ಲಿ ಕೆಲಸವಿದೆ, ರಾತ್ರಿ ವಿವರವಾಗಿ ಬರೆಯುತ್ತೇನೆ.

ಪೆರ್ಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಇಲೆಕ್ಟ್ರಿಷಿಯನ್ನರು ರಾತ್ರಿ ಬರೆಯುವುದರೊಳಗೆ ಮೂಲತತ್ತ್ವವನ್ನು ನಾನು ಹೇಳಿಬಿಡುತ್ತೇನೆ. ನಮ್ಮ ಅಡಿಕೆ ತೋಟಗಳಿಗೆ ಕರೆಂಟು ಬರುವ ಮೊದಲು ನೀರೆತ್ತುತ್ತಿದ್ದ ಆಯಿಲ್ ಎಂಜಿನನ್ನು ನೆನಪಿಸಿಕೊಳ್ಳಿ. ಬೆಲ್ಟ್ ಹಾಕದೆ ತಿರುಗುವಾಗ ಅದರ ಸದ್ದು ಹಗುರವಾಗಿರುತ್ತಿತ್ತು. ಪಂಪಿಗೆ ಬೆಲ್ಟ್ ಏರಿಸಿದ ಕೂಡಲೇ ಸದ್ದು ಒಮ್ಮೆ ಕುಗ್ಗಿ, ಮರುಕ್ಷಣವೇ ದಪ್ಪಗಾಗಿ, ಎಂಜಿನ್ ಮತ್ತೆ ಹೆಚ್ಚುಕಡಿಮೆ ಮೊದಲಿನ ವೇಗಕ್ಕೆ ಬರುತ್ತಿತ್ತು. ಯಾರೂ ಕೈ ಹಾಕದೆ ಅದನ್ನು ಮಾಡುತ್ತಿದ್ದದ್ದು ಗವರ್ನರ್. ತಿರುಗುವ ಎರಡು ಗುಂಡುಗಳು ವೇಗ ಹೆಚ್ಚಿದರೆ ದೂರ ಸರಿದು ಇಂಧನವನ್ನು ಕಡಿಮೆ ಮಾಡುತ್ತವೆ, ವೇಗ ತಗ್ಗಿದರೆ ಹತ್ತಿರ ಬಂದು ಇಂಧನವನ್ನು ಹೆಚ್ಚಿಸುತ್ತವೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ್ದೂ ಇದನ್ನೇ.

ಕ್ರೂಸ್ ಕಂಟ್ರೋಲ್ ಅದರ ಮೊಮ್ಮಗು. ಚಕ್ರಗಳ ಬಳಿಯ ಸಂವೇದಕಗಳಿಂದ ಬರುವ ಸ್ಪಂದನಗಳನ್ನು ಎಣಿಸಿ ಕಂಪ್ಯೂಟರು ಈಗಿನ ವೇಗವನ್ನು ತಿಳಿಯುತ್ತದೆ, ನೀವು ಹೊಂದಿಸಿದ ವೇಗದಿಂದ ಅದನ್ನು ಕಳೆಯುತ್ತದೆ, ಉಳಿದ ವ್ಯತ್ಯಾಸಕ್ಕೆ ತಕ್ಕಂತೆ ಇಂಧನವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಸೆಕೆಂಡಿಗೆ ಅನೇಕ ಬಾರಿ ಇದೇ ಲೆಕ್ಕ ನಡೆಯುತ್ತಲೇ ಇರುತ್ತದೆ.

ಆದರೆ ಹಳೆಯ ಗವರ್ನರಿಗೆ ಒಂದು ಕೊರತೆಯಿತ್ತು. ಹೊರೆ ಬಿದ್ದ ಮೇಲೆ ಅದು ಪೂರ್ತಿ ಮೊದಲಿನ ವೇಗಕ್ಕೆ ಬರುತ್ತಿರಲಿಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಏಕೆಂದರೆ ಹೆಚ್ಚಿನ ಇಂಧನ ಹರಿಯಬೇಕಾದರೆ ಗುಂಡುಗಳು ಹತ್ತಿರವೇ ಇರಬೇಕು, ಅವು ಹತ್ತಿರವಿರಬೇಕಾದರೆ ವೇಗ ತಗ್ಗಿಯೇ ಇರಬೇಕು. ಕಾರಿನ ಕಂಪ್ಯೂಟರು ಈ ಕೊರತೆಯನ್ನು ನೀಗಿಸಲು ಕಳೆದ ಕ್ಷಣಗಳ ವ್ಯತ್ಯಾಸಗಳನ್ನು ಕೂಡಿಸುತ್ತ ಹೋಗುತ್ತದೆ. ಕೊರತೆ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಹೆಚ್ಚು ಇಂಧನ ಕೊಡುತ್ತದೆ. ಕುಂಬಳೆಯವರು ಕೇಳಿದ ‘ನೆತ್ತಿಯಲ್ಲಿ ಮುನ್ನುಗ್ಗುವಿಕೆ’ಯ ಗುಟ್ಟು ಇಲ್ಲಿದೆ. ಏರಿನ ಉದ್ದಕ್ಕೂ ಕೂಡಿಟ್ಟ ಆ ಮೊತ್ತ ನೆತ್ತಿ ದಾಟಿದ ತಕ್ಷಣ ಶೂನ್ಯವಾಗುವುದಿಲ್ಲ, ಕರಗಲು ಒಂದೆರಡು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ರಸ್ತೆ ಸಮತಟ್ಟಾಗಿರುತ್ತದೆ, ಇಂಧನ ಮಾತ್ರ ಏರಿನದ್ದೇ ಬರುತ್ತಿರುತ್ತದೆ. ಮೊತ್ತ ಮಿತಿಮೀರಿ ಬೆಳೆಯದಂತೆ ತಡೆಯುವ ವಿಧಾನಗಳನ್ನು ತಯಾರಕರು ಅಳವಡಿಸಿರುತ್ತಾರೆ, ಆದರೂ ಸ್ವಲ್ಪ ಉಳಿಯುತ್ತದೆ.

ಮಂಜೇಶ್ವರದ ಓದುಗಿ

ಮಾಸ್ತರರೇ, ಆಯಿಲ್ ಎಂಜಿನಿನ ಉದಾಹರಣೆಯಿಂದ ಎಲ್ಲವೂ ಮನಸ್ಸಿಗೆ ಇಳಿಯಿತು. ನಮ್ಮ ಅಜ್ಜನ ತೋಟದಲ್ಲಿ ಅಂಥದ್ದೊಂದು ಇತ್ತು. ಬೆಲ್ಟ್ ಏರಿಸುವಾಗ ಸದ್ದು ಕುಗ್ಗುವುದನ್ನು ಕೇಳಿ, ‘ಈಗ ನೀರು ಬರುತ್ತದೆ’ ಎಂದು ಮಕ್ಕಳು ನಾವು ನೀರು ಹರಿಯುವ ಕಣಿಯ ಬಳಿಗೆ ಓಡುತ್ತಿದ್ದೆವು.

ನನ್ನ ಪ್ರಶ್ನೆ ಇದು: ಏರಿನಲ್ಲಿ ಇಂಧನ ಹೆಚ್ಚಿಸುವುದು ತಿಳಿಯಿತು. ಇಳಿಜಾರಿನಲ್ಲಿ ಅದೇ ಯಂತ್ರ ಇಂಧನವನ್ನು ನಿಲ್ಲಿಸಿಬಿಟ್ಟರೆ ವೇಗ ಏಕೆ ಹೆಚ್ಚಬೇಕು?

ಪೆರ್ಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಒಳ್ಳೆಯ ಪ್ರಶ್ನೆ. ಕೈಲೆಕ್ಕ ಮಾಡಿ ನೋಡೋಣ. ಕಾರಿನ ತೂಕ 1,400 ಕಿಲೋ, ರಸ್ತೆ ಪ್ರತಿ 100 ಮೀಟರಿಗೆ 5 ಮೀಟರ್ ಇಳಿಯುತ್ತದೆ, ವೇಗ ಗಂಟೆಗೆ 80 ಕಿ.ಮೀ. ಎಂದಿಟ್ಟುಕೊಳ್ಳಿ. ಕಾರನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 690 ನ್ಯೂಟನ್. ಗಾಳಿಯ ತಡೆ ಮತ್ತು ಟೈರಿನ ತಡೆ ಎರಡೂ ಸೇರಿ ಸಾಮಾನ್ಯ ಕಾರಿಗೆ ಆ ವೇಗದಲ್ಲಿ 370 ನ್ಯೂಟನ್‌ನಷ್ಟು. ಉಳಿದ 320 ನ್ಯೂಟನ್ ಬಲವನ್ನು ಯಾರಾದರೂ ಹಿಡಿಯಬೇಕು. ಶಕ್ತಿಯ ಲೆಕ್ಕದಲ್ಲಿ ಅದು 7 ಕಿಲೋವ್ಯಾಟ್. ಸಾಮಾನ್ಯ ಕ್ರೂಸ್ ಕಂಟ್ರೋಲಿಗೆ ಬ್ರೇಕಿನ ಮೇಲೆ ಅಧಿಕಾರವಿಲ್ಲ. ಇಂಧನವನ್ನು ಪೂರ್ತಿ ನಿಲ್ಲಿಸುವುದೇ ಅದರ ಕೊನೆಯ ಅಸ್ತ್ರ. ಅಲ್ಲಿಂದ ಮುಂದೆ ಎಂಜಿನಿನ ಸ್ವಂತ ತಡೆಯೇ ಕಾರನ್ನು ಹಿಡಿಯಬೇಕು, ಮೇಲಿನ ಗೇರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಆ ತಡೆ ಸಾಲದು. ಆದ್ದರಿಂದ 80 ಎಂಬುದು 88 ಆಗುತ್ತದೆ.

ಡೀಸೆಲ್ ಎಂಜಿನಿನಲ್ಲಿ ಇದು ಇನ್ನಷ್ಟು ಕಾಣಿಸಬಹುದು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯ ದಾರಿಯ ಕವಾಟ ಮುಚ್ಚಿಕೊಳ್ಳುವುದರಿಂದ, ಕೊಳವೆಯ ಬಾಯಿಗೆ ಬೆರಳಿಟ್ಟು ಗಾಳಿ ಎಳೆದಂತೆ ಎಂಜಿನಿಗೆ ಶ್ರಮವಾಗುತ್ತದೆ. ಡೀಸೆಲಿನಲ್ಲಿ ವೇಗದ ಹಿಡಿತ ಇಂಧನದ ಪ್ರಮಾಣದಿಂದಲೇ ನಡೆಯುವುದರಿಂದ ಆ ಬಗೆಯ ತಡೆ ಕಡಿಮೆ.

ಮಧೂರಿನ ಬೈಕ್ ಸವಾರ

ಇಳಿಜಾರಿನಲ್ಲಿ ಹೇಗೂ ತಾನಾಗಿ ಓಡುತ್ತದೆ ಎಂದಾದರೆ ಕ್ರೂಸ್ ತೆಗೆದು ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುವುದಿಲ್ಲವೇ?

ಚೆರ್ಕಳದ ಟ್ಯಾಕ್ಸಿ ಚಾಲಕ

ಆ ಕೆಲಸ ಖಂಡಿತ ಮಾಡಬೇಡ ತಮ್ಮಾ. ಗೇರಿನಲ್ಲಿದ್ದು ಕಾಲು ತೆಗೆದರೆ ಈಗಿನ ಎಂಜಿನುಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಅದಕ್ಕೆ ಇಂಧನ ಬೇಕೇ ಬೇಕು. ಮೇಲಾಗಿ ಎಂಜಿನಿನ ಹಿಡಿತ ತಪ್ಪಿ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಕಾದ ಬ್ರೇಕಿನ ಸುಟ್ಟ ವಾಸನೆ ಬರುತ್ತಿದ್ದ ವಾಹನಗಳ ಹಿಂದೆ ನಾನು ಎಷ್ಟೋ ಸಲ ಹೋಗಿದ್ದೇನೆ. ಘಾಟಿಯಲ್ಲಿ ಕ್ರೂಸೂ ಬೇಡ, ನ್ಯೂಟ್ರಲೂ ಬೇಡ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದನ್ನು ನನಗೆ ಚಾಲನೆ ಕಲಿಸಿದವರು ಮೊದಲ ದಿನವೇ ಹೇಳಿದ್ದರು.

ಬದಿಯಡ್ಕದ ಆಟೋ ಇಲೆಕ್ಟ್ರಿಷಿಯನ್

ಈಗ ಬಿಡುವಾಯಿತು. ಮಾಸ್ತರರು ಇಂಧನದ ಕಡೆಯನ್ನು ಹೇಳಿದ್ದಾರೆ, ನಾನು ಬಿಡುಗಡೆಯ ಕಡೆಯನ್ನು ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಕ್ರೂಸ್ ಕಂಟ್ರೋಲಿನಲ್ಲಿ ಅತ್ಯಂತ ಜಾಗರೂಕತೆಯಿಂದ ರೂಪಿಸಿದ ಭಾಗವೆಂದರೆ ಅದು ಹಿಡಿಯುವ ರೀತಿಯಲ್ಲ, ಬಿಟ್ಟುಬಿಡುವ ರೀತಿ.

ಹಳೆಯ ಕಾರುಗಳಲ್ಲಿ ಎಂಜಿನಿನ ನಿರ್ವಾತದಿಂದ ನಡೆಯುವ ಒಂದು ಡಬ್ಬಿಯಿರುತ್ತಿತ್ತು. ಅದರೊಳಗಿನ ರಬ್ಬರ್ ಪೊರೆ ಒಂದು ಕೇಬಲನ್ನು ಎಳೆದು ಥ್ರಾಟಲನ್ನು, ಅಂದರೆ ಎಂಜಿನಿಗೆ ಗಾಳಿ ಬಿಡುವ ಕವಾಟವನ್ನು, ತೆರೆಯುತ್ತಿತ್ತು. ಬ್ರೇಕ್ ಒತ್ತಿದರೆ ವಿದ್ಯುತ್ ಸಂಪರ್ಕ ಕಡಿಯುವುದಲ್ಲದೆ, ಪೆಡಲಿನ ಬಳಿಯ ಒಂದು ಕವಾಟ ತೆರೆದು ಡಬ್ಬಿಗೆ ಗಾಳಿ ನುಗ್ಗುತ್ತಿತ್ತು. ಒಂದು ವಿಫಲವಾದರೂ ಇನ್ನೊಂದು ಕೈಬಿಡುವುದಿಲ್ಲ. ಈಗ ಡಬ್ಬಿಯೂ ಇಲ್ಲ, ಕೇಬಲೂ ಇಲ್ಲ. ಆಕ್ಸಿಲರೇಟರ್ ಪೆಡಲೇ ಒಂದು ವಿದ್ಯುತ್ ಸಂಕೇತವಾಗಿರುವುದರಿಂದ ಕ್ರೂಸ್ ಕಂಟ್ರೋಲಿಗೆ ಪ್ರತ್ಯೇಕ ಯಂತ್ರ ಬೇಕಾಗಿಲ್ಲ, ಗುಂಡಿಗಳು ಮತ್ತು ಕಂಪ್ಯೂಟರಿನ ಒಳಗಿನ ಲೆಕ್ಕ ಸಾಕು. ಆದರೆ ‘ಎರಡು ಸಾಕ್ಷಿ’ ಎಂಬ ನಿಯಮ ಉಳಿದಿದೆ. ಬ್ರೇಕ್ ಸ್ವಿಚ್ಚಿನೊಳಗೆ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ಹಿಂದಿನ ಕೆಂಪು ದೀಪವನ್ನು ಉರಿಸುತ್ತದೆ, ಇನ್ನೊಂದು ಬಿಟ್ಟುಕೊಂಡು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಎರಡರ ಸಾಕ್ಷ್ಯ ಹೊಂದದಿದ್ದರೆ ಕಂಪ್ಯೂಟರು ಅನುಮಾನದ ಲಾಭವನ್ನು ಸುರಕ್ಷತೆಗೆ ಕೊಟ್ಟು ಕ್ರೂಸನ್ನು ಬಿಟ್ಟುಬಿಡುತ್ತದೆ. ಕ್ಲಚ್ ಪೆಡಲಿಗೂ ಇಂಥದ್ದೇ ಸ್ವಿಚ್ಚಿದೆ. ಕ್ಲಚ್ ಒತ್ತಿದಾಗ ಹೊರೆಯಿಲ್ಲದ ಎಂಜಿನ್ ಒಮ್ಮೆಲೇ ಕಿರುಚದಂತೆ ಅದು ಕಾಯುತ್ತದೆ.

ನಿಮ್ಮ ಕಾರಿನ ಸ್ವಿಚ್ಚು ಸವೆದಿದ್ದರೆ ಸೇತುವೆಯ ಜೋಡಣೆಯ ಅದುರಿಗೆ ಸಂಪರ್ಕ ಒಂದು ಕ್ಷಣ ತಪ್ಪುತ್ತದೆ, ಕಂಪ್ಯೂಟರು ಅದನ್ನು ಬ್ರೇಕ್ ಒತ್ತಿದಂತೆ ತಿಳಿಯುತ್ತದೆ. ಹೀಗೆ ಪರೀಕ್ಷಿಸಿ: ಕತ್ತಲಾದ ಮೇಲೆ ಕಾರಿನ ಹಿಂಭಾಗವನ್ನು ಬಿಳಿ ಗೋಡೆಗೆ ಮುಖಮಾಡಿ ನಿಲ್ಲಿಸಿ, ಕೀಲಿ ತಿರುಗಿಸಿ, ಬ್ರೇಕ್ ಪೆಡಲಿನ ಮೇಲೆ ಕಾಲಲ್ಲ, ಕೈಬೆರಳು ಇಟ್ಟು ಅತಿ ನಿಧಾನವಾಗಿ ಒತ್ತಿ. ಗೋಡೆಯ ಮೇಲಿನ ಕೆಂಪು ಬೆಳಕು ಒಂದೇ ಬಾರಿಗೆ ಬಂದು ನಿಲ್ಲಬೇಕು; ಮಿಣುಕಿದರೆ ಸ್ವಿಚ್ಚು ಸವೆದಿದೆ. ಸ್ಕ್ಯಾನರ್ ಇರುವವರ ಬಳಿ ಕಂಪ್ಯೂಟರು ದಾಖಲಿಸಿಟ್ಟ ದೋಷದ ಕೋಡನ್ನೂ ಓದಿಸಿ. ಪಿ0504 ಎಂದು ಬಂದರೆ ಎರಡು ಸಂಪರ್ಕಗಳ ಸಾಕ್ಷ್ಯ ಹೊಂದುತ್ತಿಲ್ಲವೆಂದು ಅರ್ಥ. ಕ್ರೂಸ್ ಹೋದರೆ ಹೋಗಲಿ, ಆದರೆ ಅದೇ ಸ್ವಿಚ್ಚು ನಿಮ್ಮ ಬ್ರೇಕ್ ದೀಪವನ್ನೂ ಉರಿಸುತ್ತದೆ ಎಂಬುದನ್ನು ನೆನಪಿಡಿ. ಹಿಂದಿನಿಂದ ಬರುವ ಲಾರಿಯವರಿಗೆ ನೀವು ನಿಲ್ಲಿಸುತ್ತಿರುವುದು ಕಾಣದೇ ಹೋಗಬಹುದು. ಆದ್ದರಿಂದ ತಡಮಾಡಬೇಡಿ.

ಅಬುಧಾಬಿ ನಿವಾಸಿ, ಊರು ಉಪ್ಪಳ

ಹದಿನಾಲ್ಕು ವರ್ಷಗಳಿಂದ ಅಬುಧಾಬಿ–ದುಬೈ ರಸ್ತೆಯಲ್ಲಿ ಓಡಾಡುತ್ತಿರುವ ನನ್ನ ಅನುಭವವನ್ನು ಸೇರಿಸುತ್ತೇನೆ. ಮೊದಲ ವರ್ಷ ಕ್ರೂಸ್ ಹಾಕಿ ಎರಡೂ ಕಾಲುಗಳನ್ನು ಸೀಟಿನ ಕಡೆಗೆ ಮಡಚಿಕೊಂಡು ಕುಳಿತಿರುತ್ತಿದ್ದೆ. ಒಂದು ಬೆಳಿಗ್ಗೆ ಮಂಜು ಮುಸುಕಿತ್ತು, ಮುಂದಿನ ಪಿಕಪ್ಪಿನ ದೀಪ ಕೆಂಪಾಯಿತು, ಬ್ರೇಕಿಗಾಗಿ ನನ್ನ ಕಾಲು ನೆಲವನ್ನು ತಡಕಾಡಿತು. ಕಾರು ನಿಂತಾಗ ಪಿಕಪ್ಪಿನ ಹಿಂಬದಿಯ ಸಂಖ್ಯೆಯ ತಗಡಿನ ತಿರುಪುಮೊಳೆಗಳು ನನಗೆ ಕಾಣುತ್ತಿದ್ದವು. 120ರ ವೇಗದಲ್ಲಿ ಅರ್ಧ ಸೆಕೆಂಡು ತಡವಾದರೆ ಕಾರು 16 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಅಂದಿನಿಂದ ಬಲಗಾಲು ಬ್ರೇಕಿನ ಎದುರಿಗೇ ಇರುತ್ತದೆ.

ಮಧೂರಿನ ಬೈಕ್ ಸವಾರ

ಈಗ ಕೆಲವು ಬೈಕುಗಳಲ್ಲಿಯೂ ಕ್ರೂಸ್ ಬಂದಿದೆ. ಕೇಬಲಿನ ಬದಲು ವಿದ್ಯುತ್ ಥ್ರಾಟಲ್ ಬಂದದ್ದರಿಂದಲೇ ಅದು ಸಾಧ್ಯವಾಯಿತು ಎಂದು ಇಲೆಕ್ಟ್ರಿಷಿಯನ್ ಅಣ್ಣನ ವಿವರಣೆಯಿಂದ ತಿಳಿಯಿತು. ಆದರೆ ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರ ವಾಹನಗಳ ಮಿತಿ 60. ಆ ವೇಗದಲ್ಲಿ ಕೈಯೇ ಸಾಕು ಎಂದು ನನ್ನ ಅಭಿಪ್ರಾಯ.

ಮುಳ್ಳೇರಿಯದ ಕೃಷಿಕ

ಮಳೆಗಾಲದ ವಿಷಯವನ್ನು ಯಾರೂ ಎತ್ತಲಿಲ್ಲ. ನೀರು ನಿಂತ ರಸ್ತೆಯಲ್ಲಿ ಕ್ರೂಸ್ ಹಾಕಿದರೆ ಕಾರು ಇದ್ದಕ್ಕಿದ್ದಂತೆ ಎರಡು ಪಟ್ಟು ವೇಗದಲ್ಲಿ ಹಾರುತ್ತದೆ ಎಂಬ ಸಂದೇಶವೊಂದು ಪ್ರತಿ ಜೂನ್ ತಿಂಗಳಿನಲ್ಲಿ ಫೋನಿಗೆ ಬರುತ್ತದೆ. ಅದು ನಿಜವೇ?

ಪೆರ್ಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಹಾರುವ ಮಾತು ಸುಳ್ಳು, ಎಚ್ಚರಿಕೆ ಮಾತ್ರ ನಿಜ. ಟೈರು ನೀರನ್ನು ಬದಿಗೆ ತಳ್ಳಲಾರದಷ್ಟು ವೇಗ ಬಂದಾಗ ನೀರಿನ ಮೇಲೆಯೇ ತೇಲತೊಡಗುತ್ತದೆ. ಆ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 32 ಪೌಂಡ್ ಒತ್ತಡದ ಟೈರಿಗೆ, ನೀರು ಸಾಕಷ್ಟು ಆಳವಿದ್ದರೆ, ಅದು ಗಂಟೆಗೆ ಸುಮಾರು 94 ಕಿ.ಮೀ. ಎಂದು ವಿಮಾನಗಳ ಟೈರುಗಳ ಪರೀಕ್ಷೆಯಿಂದ ಬಂದ ಪ್ರಸಿದ್ಧ ಸೂತ್ರ ಹೇಳುತ್ತದೆ. ಗಾಳಿ ಕಡಿಮೆಯಿದ್ದರೆ ಅಥವಾ ಟೈರಿನ ಗೀರುಗಳು ಸವೆದಿದ್ದರೆ ಇನ್ನೂ ಕಡಿಮೆ ವೇಗದಲ್ಲಿಯೇ ತೇಲುತ್ತದೆ.

ಈಗ ಕ್ರೂಸ್ ಏನು ಮಾಡುತ್ತದೆ ನೋಡಿ. ನಿಂತ ನೀರಿಗೆ ನುಗ್ಗಿದ ಕೂಡಲೇ ನೀರಿನ ತಡೆಯಿಂದ ವೇಗ ಇಳಿಯುತ್ತದೆ. ನಿಮ್ಮ ಕಾಲು ಪೆಡಲಿನ ಮೇಲಿದ್ದಿದ್ದರೆ ನೀವು ತಾನಾಗಿಯೇ ಎತ್ತುತ್ತಿದ್ದಿರಿ. ಕ್ರೂಸಿಗೆ ಗೊತ್ತಿರುವುದು ವೇಗವೊಂದೇ. ನೀರೂ ಅದಕ್ಕೆ ಏರುರಸ್ತೆಯಂತೆಯೇ ಕಾಣುತ್ತದೆ, ಆದ್ದರಿಂದ ಶಕ್ತಿಯನ್ನು ಹೆಚ್ಚಿಸುತ್ತದೆ. ಹಿಡಿತ ಕಡಿಮೆಯಾಗಿರುವ ಚಕ್ರಕ್ಕೆ ಅದೇ ಹೊತ್ತಿನಲ್ಲಿ ಹೆಚ್ಚು ಶಕ್ತಿ ಸಿಕ್ಕರೆ ಅದು ಜಾರುತ್ತದೆ, ಹಿಡಿತ ಮರಳಿದಾಗ ಕಾರನ್ನು ಬದಿಗೆ ಎಳೆಯಬಹುದು. ಚಕ್ರ ಜಾರುವುದನ್ನು ತಡೆಯುವ ವ್ಯವಸ್ಥೆಯಿರುವ ಕಾರುಗಳು ಅಂಥ ಕ್ಷಣದಲ್ಲಿ ಕ್ರೂಸನ್ನು ತಾವೇ ಬಿಡುತ್ತವೆ, ಆದರೆ ಅಲ್ಲಿಯವರೆಗೆ ಕಾಯಬಾರದು. ನಮ್ಮೂರಿನ ಜೂನ್, ಜುಲೈ ತಿಂಗಳುಗಳಲ್ಲಿ ಆ ಗುಂಡಿಯನ್ನು ಮುಟ್ಟಲೇಬೇಡಿ.

ಮಂಜೇಶ್ವರದ ಓದುಗಿ

ಇದನ್ನು ಕಂಡುಹಿಡಿದವರು ಕಣ್ಣು ಕಾಣದ ಒಬ್ಬ ಎಂಜಿನಿಯರ್ ಎಂದು ಎಲ್ಲೋ ಓದಿದ್ದೆ. ಹೌದೇ?

ಪೆರ್ಲದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಹೌದು ಅಕ್ಕಾ. ಅಮೆರಿಕದ ರಾಲ್ಫ್ ಟೀಟರ್. ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ದೃಷ್ಟಿ ಕಳೆದುಕೊಂಡರೂ ಎಂಜಿನಿಯರಿಂಗ್ ಓದಿ, ಯಂತ್ರಗಳನ್ನು ಬೆರಳುಗಳಿಂದಲೇ ಅರಿತವರು. ಅವರ ವಕೀಲರು ಕಾರು ಓಡಿಸುವಾಗ ತಾವು ಮಾತನಾಡುತ್ತಿದ್ದರೆ ನಿಧಾನಿಸುತ್ತಿದ್ದರಂತೆ, ಕೇಳುತ್ತಿದ್ದರೆ ವೇಗ ಹೆಚ್ಚಿಸುತ್ತಿದ್ದರಂತೆ. ಪಕ್ಕದಲ್ಲಿ ಕುಳಿತ ಟೀಟರ್ ಅವರಿಗೆ ಆ ಹೊಯ್ದಾಟ ಸಹಿಸಲಾಗದೆ ಈ ಸಾಧನದ ಯೋಚನೆ ಹುಟ್ಟಿತು ಎಂದು ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪೆನಿ ‘ಆಟೋ ಪೈಲಟ್’ ಎಂಬ ಹೆಸರಿನಲ್ಲಿ ತನ್ನ ಇಂಪೀರಿಯಲ್ ಮೊದಲಾದ ಕಾರುಗಳಿಗೆ ಅಳವಡಿಸಿತು. ನಾವು ಇಂದು ಹೇಳುವ ಹೆಸರು ಕ್ಯಾಡಿಲ್ಯಾಕ್ ಕಂಪೆನಿಯದ್ದು. ಕಣ್ಣಿದ್ದ ನಮಗೆ ಮೀಟರಿನ ಮುಳ್ಳು ಕಾಣಿಸುತ್ತದೆ. ಅವರಿಗೆ ವೇಗದ ಏರಿಳಿತ ಮೈಗೇ ತಿಳಿಯುತ್ತಿತ್ತು.

ಚೆರ್ಕಳದ ಟ್ಯಾಕ್ಸಿ ಚಾಲಕ

ಹೊಸ ಕಾರುಗಳ ರಾಡಾರ್ ಕ್ರೂಸಿನ ಬಗ್ಗೆಯೂ ಒಂದು ಮಾತು. ನಮ್ಮ ಮಾಲೀಕರ ಗಾಡಿಯಲ್ಲಿದೆ. ಮುಂದಿನ ವಾಹನದಿಂದ ಅಂತರ ಉಳಿಸಿಕೊಂಡು ತಾನೇ ಬ್ರೇಕ್ ಹಿಡಿಯುತ್ತದೆ, ಇಳಿಜಾರಿನ ತೊಂದರೆಯೂ ಅದರಲ್ಲಿಲ್ಲ. ಆದರೆ ಅಂತರ ಉಳಿದ ಜಾಗಕ್ಕೆ ರಿಕ್ಷಾ ನುಗ್ಗುತ್ತದೆ, ಕಾರು ಗಕ್ಕನೆ ಬ್ರೇಕ್ ಹಾಕುತ್ತದೆ, ಹಿಂದಿನವರು ಹಾರ್ನ್ ಬಾರಿಸುತ್ತಾರೆ. ಹಿಂಬದಿಗೆ ಬಿದಿರಿನ ಗಳಗಳನ್ನು ಚಾಚಿಕೊಂಡು ಹೋಗುವ ಟೆಂಪೋದ ಹಿಂದೆ ನಾನು ಅದನ್ನು ನಂಬುವುದಿಲ್ಲ; ಅದು ಟೆಂಪೋದ ಲೋಹದ ಮೈಯಿಂದ ಅಂತರ ಅಳೆದರೆ ಗಳದ ತುದಿ ನಮ್ಮ ಗಾಜಿನ ಮುಂದಿರುತ್ತದೆ.

ಬದಿಯಡ್ಕದ ಆಟೋ ಇಲೆಕ್ಟ್ರಿಷಿಯನ್

ಸರಿಯಾದ ಮಾತು. ಇನ್ನೊಂದನ್ನೂ ಸೇರಿಸಿ: ಚಲಿಸುತ್ತಿರುವ ವಾಹನವನ್ನು ಹಿಂಬಾಲಿಸುವುದರಲ್ಲಿ ರಾಡಾರ್ ನಿಪುಣ, ಆದರೆ ಮೊದಲೇ ನಿಂತಿರುವ ವಸ್ತುವನ್ನು ಅನೇಕ ವ್ಯವಸ್ಥೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಸ್ತೆ ಬದಿಯ ಕಂಬ, ಫಲಕ, ಸೇತುವೆಗಳಿಂದಲೂ ಪ್ರತಿಧ್ವನಿ ಬರುತ್ತದೆ, ಅವಕ್ಕೆಲ್ಲ ಬ್ರೇಕ್ ಹಿಡಿದರೆ ಕಾರು ಓಡಲಾರದು. ಆದ್ದರಿಂದ ಕೆಟ್ಟು ನಿಂತ ಲಾರಿಯನ್ನು ನೋಡಬೇಕಾದವರು ನೀವೇ.

ಕುಂಬಳೆಯ ಪ್ರಯಾಣಿಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮನೆಯ ಹಿಂದಿನ ಸುಣ್ಣದ ಗೋಡೆಗೆ ಬೆನ್ನುಮಾಡಿ ಕಾರು ನಿಲ್ಲಿಸಿ, ಹೆಂಡತಿಯನ್ನು ಗೋಡೆ ನೋಡಲು ನಿಲ್ಲಿಸಿ, ಬೆರಳಿನಿಂದ ಪೆಡಲ್ ಒತ್ತಿದೆ. ‘ಬಂತು, ಹೋಯಿತು, ಮತ್ತೆ ಬಂತು’ ಎಂದಳು. ಇಂದು ಬದಿಯಡ್ಕಕ್ಕೆ ಹೋಗಿ ಸ್ವಿಚ್ಚು ಬದಲಿಸಿಕೊಂಡೆ. ಕೋಡೂ ಅವರು ಹೇಳಿದ್ದೇ ಇತ್ತು. ಕೂಲಿ ಸೇರಿ 650 ರೂಪಾಯಿ. ಬರುವಾಗ ಬೇಕೆಂದೇ ಹೆದ್ದಾರಿಗೆ ಹೋಗಿ 80ಕ್ಕೆ ಹೊಂದಿಸಿ ಶಿರಿಯ ಸೇತುವೆಯನ್ನು ಎರಡು ಬಾರಿ ದಾಟಿದೆ. ‘ಟಕ್’ ಎಂದಿತು, ಹಸಿರು ಚಿಹ್ನೆ ಹಾಗೆಯೇ ಇತ್ತು. ಇಳಿಜಾರಿನಲ್ಲಿ ಒಂದು ಗೇರು ಇಳಿಸಿ ಮತ್ತೆ ಹೊಂದಿಸಿ ನೋಡಿದೆ, 83ಕ್ಕಿಂತ ಮೇಲೆ ಹೋಗಲಿಲ್ಲ.

ಇನ್ನೊಂದು ಸಣ್ಣ ಸಂಶಯ: ಕಾರಿನ ಮೀಟರು 80 ಎನ್ನುವಾಗ ಫೋನಿನ ಜಿಪಿಎಸ್ 76 ಎನ್ನುತ್ತದೆ. ಇದೂ ದೋಷವೇ?

ಬದಿಯಡ್ಕದ ಆಟೋ ಇಲೆಕ್ಟ್ರಿಷಿಯನ್

ಅಲ್ಲ. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬುದು ನಿಯಮ, ಆದ್ದರಿಂದ ತಯಾರಕರು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ. ಟೈರು ಸವೆದಷ್ಟೂ ಆ ಅಂತರ ಇನ್ನೂ ಸ್ವಲ್ಪ ಬೆಳೆಯುತ್ತದೆ.

ಮಂಜೇಶ್ವರದ ಓದುಗಿ

ಹಳೆಯ ಸ್ವಿಚ್ಚನ್ನು ತಂದಿದ್ದೀರಾ? ಬಿಚ್ಚಿ ನೋಡಿದಿರಾ?

ಕುಂಬಳೆಯ ಪ್ರಯಾಣಿಕ

ತಂದಿದ್ದೇನೆ, ಮಗನೊಂದಿಗೆ ಕುಳಿತು ಬಿಚ್ಚಿದೆ. ಒಳಗೆ ಅಕ್ಕಿಕಾಳಿನಷ್ಟೇ ದೊಡ್ಡದಾದ ಎರಡು ತಾಮ್ರದ ನಾಲಗೆಗಳಿವೆ. ಕಂಪ್ಯೂಟರಿನ ಕಡೆಯದ್ದು ಹೊಳೆಯುತ್ತಿದೆ; ದೀಪದ ಕರೆಂಟು ಹರಿಯುವ ಇನ್ನೊಂದು ತುದಿಯಲ್ಲಿ ಕಪ್ಪಾಗಿ, ನಡುವೆ ಸೂಜಿಮೊನೆಯಷ್ಟು ಗುಳಿ ಬಿದ್ದಿದೆ.